ಹಳೆಯ ಚೌಕಟ್ಟಿಗೆ ಹೊಸ ಮೈ

ಎತ್ತಿನ ಗಾಡಿಯೇ ನಮ್ಮ ಹಳ್ಳಿಗಳ ಮುಖ್ಯ ವಾಹನವಾಗಿದ್ದ ಕಾಲದಲ್ಲಿ, ಸಂತೆಗೆ ದವಸದ ಮೂಟೆ ಹೊರುತ್ತಿದ್ದ ಗಾಡಿಯೇ ಮದುವೆಯ ದಿಬ್ಬಣಕ್ಕೂ ಹೊರಡುತ್ತಿತ್ತು. ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಅದರ ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ ಜಮಖಾನ ಹರಡಿದರೆ ಸಾಕು. ನಿನ್ನೆಯ ಮೂಟೆಗಾಡಿ ಇಂದು ಸವಾರಿ ಗಾಡಿಯಾಗುತ್ತಿತ್ತು. ಗಾಲಿಗಳು ಅವೇ, ಅಚ್ಚುಮರ ಅದೇ, ಮೂಕಿ ನೊಗಗಳೂ ಅವೇ. ಬದಲಾದುದು ಮೇಲಿನ ಹೊದಿಕೆ ಮಾತ್ರ. ಭಾರವನ್ನು ಹೊರುವ ಭಾಗ ಬೇರೆ, ಮಳೆ ಬಿಸಿಲುಗಳನ್ನು ತಡೆಯುವ ಭಾಗ ಬೇರೆ ಆಗಿದ್ದುದರಿಂದಲೇ ಈ ರೂಪಾಂತರ ಸಾಧ್ಯವಾಗುತ್ತಿತ್ತು.

ಮೋಟಾರು ವಾಹನದಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ಹೆದ್ದಾರಿಯಲ್ಲಿ ಮೈಯಿಲ್ಲದ ಬಸ್ಸೊಂದು ಓಡುತ್ತಿರುವುದನ್ನು ವಾಚಕರು ನೋಡಿರಬಹುದು. ಉದ್ದನೆಯ ಎರಡು ಉಕ್ಕಿನ ತೊಲೆಗಳು, ಎಂಜಿನ್ನು, ಗಾಲಿಗಳು, ಚಾಲಕನಿಗೊಂದು ಪೀಠ — ಇಷ್ಟೇ. ಅದು ತಯಾರಾದ ಕಾರ್ಖಾನೆಯಿಂದ ಬಾಡಿ ಕಟ್ಟುವ ಕಾರ್ಖಾನೆಗೆ ಹೋಗುತ್ತಿರುತ್ತದೆ. ಈ ಬರಿಯ ಚೌಕಟ್ಟಿಗೆ ‘ಚಾಸಿಸ್’ ಎಂದು ಹೆಸರು. ಒಂದೇ ಬಗೆಯ ಚಾಸಿಸ್ಸಿನ ಮೇಲೆ ಬಸ್ಸನ್ನಾಗಲಿ ಲಾರಿಯನ್ನಾಗಲಿ ಕಟ್ಟಬಹುದು.

ಇಂಗ್ಲೆಂಡಿನಲ್ಲಿ ಕಳೆದ ಎಪ್ಪತ್ತು ವರ್ಷಗಳಿಂದ ಸಾವಿರಾರು ಜನ ಇದೇ ಕೆಲಸವನ್ನು ಹವ್ಯಾಸವಾಗಿ ಕೈಗೊಂಡಿದ್ದಾರೆ. ಬಿಡಿಭಾಗಗಳನ್ನು ಕೊಂಡು ತಂದು, ಮನೆಯ ಷೆಡ್ಡಿನಲ್ಲಿ ಕೈಯಾರೆ ಜೋಡಿಸಿಕೊಂಡ ಪುಟ್ಟ ಸ್ಪೋರ್ಟ್ಸ್ ಕಾರು. ಅದಕ್ಕೆ ಮೂಲದಲ್ಲಿ ಇದ್ದುದನ್ನು ಬಿಟ್ಟು ಬೇರೊಂದು ಮೈ. ಕೇಳಲು ಅಂಗಿ ಬದಲಾಯಿಸಿದಷ್ಟು ಸುಲಭವಾಗಿ ತೋರುವ ಈ ಕೆಲಸದಲ್ಲಿ ಬಲವಿಜ್ಞಾನ, ರಸಾಯನಶಾಸ್ತ್ರ, ವಾಯುಚಲನೆಯ ಶಾಸ್ತ್ರ ಮೂರೂ ಬಂದು ಸೇರುತ್ತವೆ. ಅವುಗಳಲ್ಲಿ ಯಾವುದನ್ನು ಅಲಕ್ಷಿಸಿದರೂ ತೆರಬೇಕಾದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಬಹುದು. ಆದುದರಿಂದ ಈ ಕೆಲಸದ ಒಳಗುಟ್ಟನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ತೆರಿಗೆಯಿಂದ ಬೆಳೆದ ಹವ್ಯಾಸ

೧೯೨೨ರಿಂದ ೧೯೩೯ರವರೆಗೆ ಇಂಗ್ಲೆಂಡಿನಲ್ಲಿ ‘ಆಸ್ಟಿನ್ ಸೆವೆನ್’ ಎಂಬ ಚಿಕ್ಕ ಕಾರು ತಯಾರಾಗುತ್ತಿತ್ತು. ಸುಮಾರು ೨,೯೦,೦೦೦ ಕಾರುಗಳು ಹೊರಬಿದ್ದವು. ಎರಡನೆಯ ಮಹಾಯುದ್ಧ ಮುಗಿದಾಗ ಇವುಗಳ ತಗಡಿನ ಮೈ ತುಕ್ಕು ಹಿಡಿದು ಜೀರ್ಣವಾಗಿತ್ತು. ಆದರೆ ಕೆಳಗಿನ ಚಾಸಿಸ್ಸೂ ಎಂಜಿನ್ನೂ ಇನ್ನೂ ಗಟ್ಟಿಯಾಗಿದ್ದವು. ಹಣವಿಲ್ಲದ, ಆದರೆ ಉತ್ಸಾಹವಿದ್ದ ತರುಣರು ಹಳೆಯ ಮೈಯನ್ನು ಕಿತ್ತೊಗೆದು, ತಮಗೆ ತೋಚಿದ ಹೊಸ ಮೈಯನ್ನು ಕಟ್ಟತೊಡಗಿದರು. ಹೀಗೆ ೧೯೪೮ರಲ್ಲಿ ಆಸ್ಟಿನ್ ಸೆವೆನ್ನಿನ ಚಾಸಿಸ್ಸಿನ ಮೇಲೆ ಪ್ಲೈವುಡ್ಡಿನ ಮೈ ಕಟ್ಟಿದವರಲ್ಲಿ ಕಾಲಿನ್ ಚಾಪ್ಮನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಒಬ್ಬ. ಮುಂದೆ ಜಗತ್ಪ್ರಸಿದ್ಧವಾದ ಲೋಟಸ್ ಕಾರುಗಳ ವಂಶವೃಕ್ಷದಲ್ಲಿ ಈ ಗಾಡಿಯೇ ಮೊದಲನೆಯದು.

೧೯೫೭ರಲ್ಲಿ ಚಾಪ್ಮನ್ ‘ಲೋಟಸ್ ಸೆವೆನ್’ ಎಂಬ ಕಾರನ್ನು ಹೊರತಂದ. ಬಾಗಿಲಿಲ್ಲ, ಚಾವಣಿಯಿಲ್ಲ, ತೂಕ ಐದುನೂರು ಕಿಲೋಗ್ರಾಮಿಗೂ ಕಡಮೆ. ಇದನ್ನು ಬಿಡಿಭಾಗಗಳ ರೂಪದಲ್ಲಿಯೂ ಮಾರುತ್ತಿದ್ದರು. ಕಾರಣವೇನೆಂದರೆ, ಆಗ ಬ್ರಿಟನ್ನಿನಲ್ಲಿ ಸಿದ್ಧವಾದ ಹೊಸ ಕಾರಿಗೆ ಖರೀದಿ ತೆರಿಗೆ ಕೊಡಬೇಕಾಗಿತ್ತು. ಕೊಂಡವನೇ ಜೋಡಿಸಿಕೊಳ್ಳುವ ಭಾಗಗಳಿಗೆ ಆ ತೆರಿಗೆ ಇರಲಿಲ್ಲ. ಜೋಡಣೆಯ ಸೂಚನೆಗಳನ್ನು ಕೊಟ್ಟರೆ ತೆರಿಗೆ ಬೀಳುವುದೆಂದು, ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಟ್ಟು ಅವನ್ನು ಹಿಂದುಮುಂದಾಗಿ ಓದಿಕೊಳ್ಳಿರೆಂದು ಹೇಳುತ್ತಿದ್ದರು ಎಂಬ ಕಥೆಯೊಂದು ಪ್ರಚಲಿತವಾಗಿದೆ. ೧೯೭೩ರಲ್ಲಿ ಆ ತೆರಿಗೆಯ ಪದ್ಧತಿಯೇ ಬದಲಾಯಿತು. ಅದೇ ವರ್ಷ ಸೆವೆನ್ನನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಕೈಸೇರಿತು. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬಾತನು ಇಂಥ ಕಾರನ್ನು ಅತ್ಯಲ್ಪ ವೆಚ್ಚದಲ್ಲಿ ಕಟ್ಟುವ ಬಗೆಯನ್ನು ವಿವರಿಸುವ ಪುಸ್ತಕವೊಂದನ್ನು ಪ್ರಕಟಿಸಿದ. ೨೫ ಮಿಲಿಮೀಟರ್ ಚದರದ ಉಕ್ಕಿನ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿ, ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಯಂತ್ರಾಂಗಗಳನ್ನು ಅದಕ್ಕೆ ಅಳವಡಿಸುವುದು ಅದರ ಸಾರ.

ಆದರೆ ಸೆವೆನ್ನಿನ ರೂಪ ಎಲ್ಲರಿಗೂ ಒಪ್ಪುವುದಿಲ್ಲ. ಅದರ ಮುಂದಿನ ಗಾಲಿಗಳು ಮೈಯ ಹೊರಗೇ ನಿಂತಿರುತ್ತವೆ. ಸೈಕಲ್ಲಿನ ಮಡ್‌ಗಾರ್ಡಿನಂಥ ಚಿಕ್ಕ ಹೊದಿಕೆ ಮಾತ್ರ ಅವಕ್ಕೆ ಇರುತ್ತದೆ. ಗಾಲಿಗಳನ್ನೂ ಒಳಗೊಂಡ, ನುಣುಪಾದ, ಮೀನಿನಾಕಾರದ ಮೈ ಬೇಕೆಂದು ಹಲವರ ಆಸೆ. ಹೀಗೆ ಸೆವೆನ್ನಿನ ಬಗೆಯ ಚೌಕಟ್ಟಿಗೆ ಬೇರೆ ಮೈಯನ್ನು ಕೂರಿಸುವ ಪ್ರಯತ್ನಗಳು ಆರಂಭವಾದವು.

ಯಾವುದು ಎಲುಬು, ಯಾವುದು ಚರ್ಮ?

ಮೈಯನ್ನು ಕಳಚುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಗಾಡಿಯ ಭಾರವನ್ನು ಹೊರುತ್ತಿರುವುದು ಯಾವುದು? ಹಸುವಿಗೆ ಎಲುಬು ಒಳಗಿರುತ್ತದೆ, ಚರ್ಮ ಹೊರಗಿರುತ್ತದೆ. ಏಡಿಗಾದರೋ ಹೊರಗಿನ ಚಿಪ್ಪೇ ಎಲುಬು. ಇಂದು ನಾವು ಬೀದಿಯಲ್ಲಿ ಕಾಣುವ ಬಹುಪಾಲು ಕಾರುಗಳು ಏಡಿಯ ಜಾತಿಯವು. ಅವುಗಳಲ್ಲಿ ಪ್ರತ್ಯೇಕ ಚಾಸಿಸ್ ಎಂಬುದಿಲ್ಲ. ಮಡಿಸಿ ಬೆಸೆದ ತಗಡುಗಳ ಕವಚವೇ ಎಲ್ಲ ಭಾರವನ್ನೂ ಹೊರುತ್ತದೆ. ಅಂಥ ಕಾರಿನ ಮೈಯನ್ನು ಬದಲಾಯಿಸಲಾಗದು. ಆಸ್ಟಿನ್ ಸೆವೆನ್ ಮತ್ತು ನಮ್ಮ ಬಸ್ಸು ಹಸುವಿನ ಜಾತಿಯವು.

ಲೋಟಸ್ ಸೆವೆನ್ನಿನ ಬಗೆಯ ಕಾರು ಇವೆರಡರ ನಡುವೆ ನಿಲ್ಲುತ್ತದೆ. ಎಚ್ಚರ ಬೇಕಾದದ್ದು ಇಲ್ಲಿಯೇ. ಅದರ ಚೌಕಟ್ಟು ತೆಳುವಾದ ಉಕ್ಕಿನ ಕೊಳವೆಗಳ ಹಂದರ. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಮೊಳೆ ಹೊಡೆದು ಚೌಕ ಮಾಡಿ ಒತ್ತಿದರೆ ಅದು ಓರೆಯಾಗುತ್ತದೆ. ಒಂದು ಕರ್ಣವನ್ನು ಸೇರಿಸಿ ಎರಡು ತ್ರಿಕೋನಗಳನ್ನಾಗಿ ಮಾಡಿದರೆ ಜಗ್ಗದೆ ನಿಲ್ಲುತ್ತದೆ. ಸೇತುವೆಗಳಲ್ಲಿ ಕಾಣುವ ತ್ರಿಕೋನಗಳ ಗುಟ್ಟು ಇದೇ. ಸೆವೆನ್ನಿನಲ್ಲಿ ಕೆಲವು ಕಡೆ ಕರ್ಣದ ಕೊಳವೆ ಇದೆ. ಕೆಲವು ಕಡೆ ಅದರ ಬದಲಿಗೆ ಅಲ್ಯುಮಿನಿಯಂ ತಗಡನ್ನು ಚೌಕಕ್ಕೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ನೆಲದ ತಗಡೂ, ನಡುವಿನ ಸುರಂಗದ ತಗಡೂ ಈ ಬಗೆಯವು. ನೋಡಲು ಅವು ಹೊದಿಕೆ, ಕೆಲಸದಲ್ಲಿ ಎಲುಬು.

ಬೆಂಕಿಪೆಟ್ಟಿಗೆಯೊಂದನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದು. ಒಳಗಿನ ತಟ್ಟೆಯನ್ನು ಮಾತ್ರ ಹೊರತೆಗೆದು ಎರಡು ತುದಿಗಳನ್ನು ಹಿಡಿದು ಹಿಂಡಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಹೊರಕವಚದೊಳಗೆ ಸೇರಿಸಿ ಹಿಂಡಿದರೆ ಅಷ್ಟು ಸುಲಭವಾಗಿ ಬಗ್ಗದು. ಕಾಗದದ ದಪ್ಪ ಹೆಚ್ಚಲಿಲ್ಲ. ತೆರೆದ ಪೆಟ್ಟಿಗೆ ಮುಚ್ಚಿದ ಪೆಟ್ಟಿಗೆಯಾಯಿತು, ಅಷ್ಟೆ. ತಿರುವಿನಲ್ಲಿ ಓಡುವ ಕಾರಿನ ಚೌಕಟ್ಟನ್ನು ನಾಲ್ಕು ಗಾಲಿಗಳೂ ಹೀಗೆಯೇ ಹಿಂಡುತ್ತಿರುತ್ತವೆ. ಹೊಸ ಮೈಗೆ ಅಡ್ಡಬರುತ್ತದೆಂದು ಒಂದು ತಗಡನ್ನೋ ಕೊಳವೆಯನ್ನೋ ಕತ್ತರಿಸಿದವನು, ತನ್ನ ಕಾರಿನ ಬೆಂಕಿಪೆಟ್ಟಿಗೆಯಿಂದ ಕವಚವನ್ನು ಎಳೆದುಹಾಕಿದಂತಾಗುತ್ತದೆ. ಅಂಥ ಚೌಕಟ್ಟಿನಲ್ಲಿ ಬೆಸುಗೆಗಳು ದಿನಕಳೆದಂತೆ ದಣಿದು ಬಿರುಕು ಬಿಡುತ್ತವೆ. ಆದಕಾರಣ ಈ ಕಸುಬಿನ ಮೊದಲ ನಿಯಮ ಇದು: ಚೌಕಟ್ಟಿಗೆ ಮೈ ಹೊಂದಿಕೊಳ್ಳಬೇಕೇ ಹೊರತು ಮೈಗಾಗಿ ಚೌಕಟ್ಟನ್ನು ಕಡಿಯಬಾರದು.

ಗಾಜಿನ ಎಳೆ, ರಾಳದ ಬಂಧ

ಹವ್ಯಾಸಿಗಳಿಗೆ ಈ ಕೆಲಸವನ್ನು ಸಾಧ್ಯಮಾಡಿಕೊಟ್ಟ ವಸ್ತು ಫೈಬರ್ ಗ್ಲಾಸ್. ಇದು ಎರಡನೆಯ ಮಹಾಯುದ್ಧದ ಬಳಿಕ ಜನಸಾಮಾನ್ಯರ ಕೈಗೆ ಬಂತು. ೧೯೫೩ರಲ್ಲಿ ಅಮೆರಿಕದ ಷೆವ್ರೊಲೆ ಕಾರ್ವೆಟ್ ಕಾರು ಈ ವಸ್ತುವಿನ ಮೈಯನ್ನು ಹೊತ್ತು ಹೊರಬಂದಾಗ ಅದರ ಯೋಗ್ಯತೆ ಎಲ್ಲರಿಗೂ ತಿಳಿಯಿತು.

ಕೂದಲಿನಷ್ಟು ಸಣ್ಣಗೆ ಎಳೆದ ಗಾಜಿನ ನೂಲು ಎಳೆತವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದಕ್ಕೆ ತನ್ನದೇ ಆಕಾರವಿಲ್ಲ. ಪಾಲಿಯೆಸ್ಟರ್ ರಾಳಕ್ಕೆ ಆಕಾರವಿದೆ. ಆದರೆ ಬರಿಯ ರಾಳ ಪೆಡಸು. ಎರಡೂ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಳ್ಳಿಗಳಲ್ಲಿ ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುತ್ತಿದ್ದುದು ಇದೇ ಉದ್ದೇಶದಿಂದ. ರಾಳದಲ್ಲಿ ಪಾಲಿಯೆಸ್ಟರಿನ ಉದ್ದನೆಯ ಅಣುಗಳು ಸ್ಟೈರೀನ್ ಎಂಬ ದ್ರವದಲ್ಲಿ ಕರಗಿರುತ್ತವೆ. ನೂರಕ್ಕೆ ಒಂದೆರಡು ಪಾಲು ಪೆರಾಕ್ಸೈಡನ್ನು ಬೆರೆಸಿದೊಡನೆ ಸ್ಟೈರೀನಿನ ಅಣುಗಳು ಅಡ್ಡಕೊಂಡಿಗಳಂತೆ ಪಾಲಿಯೆಸ್ಟರ್ ಸರಪಳಿಗಳನ್ನು ಒಂದಕ್ಕೊಂದು ಬಿಗಿಯತೊಡಗುತ್ತವೆ. ದ್ರವವು ಮೊಸರಿನಂತೆ ಹೆಪ್ಪುಗಟ್ಟಿ, ಬಳಿಕ ಕಲ್ಲಾಗುತ್ತದೆ. ಮೊಸರಿಗೂ ಇದಕ್ಕೂ ಇರುವ ಭೇದವೆಂದರೆ, ಇಲ್ಲಿ ಉಷ್ಣ ಬಿಡುಗಡೆಯಾಗುತ್ತದೆ. ದಪ್ಪನಾಗಿ ಒಮ್ಮೆಗೇ ಹಚ್ಚಿದರೆ ರಾಳ ಹೊಗೆಯಾಡಿ ಸುಟ್ಟುಹೋಗುವುದುಂಟು.

ಮೈಯನ್ನು ತಯಾರಿಸುವ ಕ್ರಮ ಹೀಗೆ: ಮೊದಲು ಮರ, ಗಾರೆಗಳಿಂದ ಬೇಕಾದ ಆಕಾರದ ಮಾದರಿಯನ್ನು ಮಾಡುತ್ತಾರೆ. ಅದರ ಮೇಲೆ ಅಚ್ಚನ್ನು ತೆಗೆಯುತ್ತಾರೆ. ಅಚ್ಚಿನ ಒಳಮೈಗೆ ಮೇಣ ಸವರಿ, ಬಣ್ಣ ಬೆರೆಸಿದ ರಾಳದ ಹೊರಪದರವನ್ನು ಹಚ್ಚುತ್ತಾರೆ. ಅನಂತರ ಗಾಜಿನ ಎಳೆಗಳ ಚಾಪೆಯನ್ನು ಹಾಸಿ, ಕುಂಚದಿಂದ ರಾಳವನ್ನು ಕುಡಿಸಿ, ಉರುಳೆಯಿಂದ ಒತ್ತಿ ಗಾಳಿಯ ಗುಳ್ಳೆಗಳನ್ನು ಹೊರಡಿಸುತ್ತಾರೆ. ಚದರ ಮೀಟರಿಗೆ ೪೫೦ ಗ್ರಾಂ ತೂಗುವ ಒಂದು ಚಾಪೆ ಸುಮಾರು ೧ ಮಿಲಿಮೀಟರ್ ದಪ್ಪವನ್ನು ಕೊಡುತ್ತದೆ. ಮೂರು ಪದರಗಳಾದರೆ ೩ ಮಿಲಿಮೀಟರ್.

ತೂಕದ ಲೆಕ್ಕವನ್ನು ನೋಡೋಣ. ೩ ಮಿಲಿಮೀಟರ್ ದಪ್ಪದ ಫೈಬರ್ ಗ್ಲಾಸ್ ಚದರ ಮೀಟರಿಗೆ ಸುಮಾರು ೪.೫ ಕಿಲೋಗ್ರಾಂ, ೦.೮ ಮಿಲಿಮೀಟರ್ ಉಕ್ಕಿನ ತಗಡು ೬.೩ ಕಿಲೋಗ್ರಾಂ, ೧.೨ ಮಿಲಿಮೀಟರ್ ಅಲ್ಯುಮಿನಿಯಂ ತಗಡು ೩.೨ ಕಿಲೋಗ್ರಾಂ ತೂಗುತ್ತವೆ. ಪುಟ್ಟ ಕಾರಿನ ಮೈಯ ವಿಸ್ತೀರ್ಣ ೮ ಚದರ ಮೀಟರ್ ಎಂದಿಟ್ಟುಕೊಂಡರೆ ಕ್ರಮವಾಗಿ ೩೬, ೫೦, ೨೬ ಕಿಲೋಗ್ರಾಂ ಆಗುತ್ತವೆ. ಅಲ್ಯುಮಿನಿಯಮ್ಮೇ ಹಗುರವಲ್ಲವೆ ಎಂದು ಕೇಳಬಹುದು. ನಿಜ, ಆದರೆ ಎರಡು ದಿಕ್ಕಿಗೂ ಬಾಗಿದ ಆಕಾರವನ್ನು ತಗಡಿನಿಂದ ಬಡಿದು ತೆಗೆಯಲು ನುರಿತ ಕಮ್ಮಾರನ ಕೈ ಬೇಕು. ಅಚ್ಚಿನಿಂದಲಾದರೋ ಹೊಸಬನೂ ಅದೇ ಆಕಾರವನ್ನು ಮತ್ತೆ ಮತ್ತೆ ತೆಗೆಯಬಲ್ಲ.

ಈ ವಸ್ತುವಿನಿಂದ ಒಂದು ಹೊಸ ಬಗೆಯ ಕಾರನ್ನೇ ಸೃಷ್ಟಿಸಿದವನು ಕ್ಯಾಲಿಫೋರ್ನಿಯದ ಬ್ರೂಸ್ ಮೇಯರ್ಸ್. ಆತ ದೋಣಿಗಳನ್ನು ಕಟ್ಟುತ್ತ ಫೈಬರ್ ಗ್ಲಾಸಿನ ಕೆಲಸವನ್ನು ಕಲಿತವನು. ೧೯೬೪ರಲ್ಲಿ ಆತ ‘ಮೇಯರ್ಸ್ ಮ್ಯಾಂಕ್ಸ್’ ಎಂಬ, ಮರಳುದಿಬ್ಬಗಳ ಮೇಲೆ ಓಡುವ ಗಾಡಿಯನ್ನು ಮಾಡಿದ. ಮೊದಲ ಕೆಲವು ಗಾಡಿಗಳಲ್ಲಿ ಫೈಬರ್ ಗ್ಲಾಸಿನ ಮೈಯೇ ಭಾರವನ್ನೂ ಹೊರುತ್ತಿತ್ತು. ಅದು ದುಬಾರಿಯಾದುದರಿಂದ ಮುಂದಿನ ಗಾಡಿಗಳಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ನೆಲಗಟ್ಟನ್ನು ಸುಮಾರು ೩೬ ಸೆಂಟಿಮೀಟರ್ ಕತ್ತರಿಸಿ ಕಿರಿದುಗೊಳಿಸಿ, ಅದರ ಮೇಲೆ ಮೈಯನ್ನು ಕೂರಿಸಿದ. ಇಲ್ಲಿ ಚೌಕಟ್ಟನ್ನು ಕಡಿದಂತಾಯಿತಲ್ಲವೆ? ಆಯಿತು, ಆದರೆ ಮತ್ತೆ ಪೂರ್ಣವಾಗಿ ಬೆಸೆಯಬೇಕಾಯಿತು, ಗೇರಿನ ಸರಳು, ಬ್ರೇಕಿನ ಕೊಳವೆ, ಕೇಬಲ್ಲುಗಳೆಲ್ಲವನ್ನೂ ಅದಕ್ಕೆ ತಕ್ಕಂತೆ ಮೊಟಕುಗೊಳಿಸಬೇಕಾಯಿತು. ಒಂದು ಅಳತೆ ಬದಲಾದರೆ ಹತ್ತು ಅಳತೆಗಳು ಬದಲಾಗುತ್ತವೆ ಎಂಬುದಕ್ಕೆ ಇದು ನಿದರ್ಶನ.

ಗಾಲಿ ನಿಂತಲ್ಲೇ ನಿಲ್ಲುವುದಿಲ್ಲ

ಹೊಸ ಮೈಯನ್ನು ಆರಿಸುವಾಗ ಎರಡು ಅಳತೆಗಳು ಮುಖ್ಯ: ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಇರುವ ದೂರ, ಎಡಗಾಲಿಯಿಂದ ಬಲಗಾಲಿಗೆ ಇರುವ ದೂರ. ಇವು ಸರಿಹೊಂದಿದರೆ ಕೆಲಸ ಮುಗಿಯಿತೆಂದು ಹೊಸಬರು ಭಾವಿಸುತ್ತಾರೆ. ಆದರೆ ಗಾಲಿಯು ತಿರುಗುತ್ತದೆ, ಮೇಲೆ ಕೆಳಗೆ ಆಡುತ್ತದೆ.

ಟೈರಿನ ತ್ರಿಜ್ಯ ೨೮ ಸೆಂಟಿಮೀಟರ್ ಎನ್ನೋಣ. ಚಾಲಕನು ಚುಕ್ಕಾಣಿಯನ್ನು ತಿರುಗಿಸಿದಾಗ ಗಾಲಿಯು ೩೦ ಡಿಗ್ರಿ ಹೊರಳುತ್ತದೆ ಎನ್ನೋಣ. ೩೦ ಡಿಗ್ರಿಯ ಸೈನ್ ಬೆಲೆ ೦.೫. ಆದುದರಿಂದ ಟೈರಿನ ಮುಂಭಾಗದ ಅಂಚು ಪಕ್ಕಕ್ಕೆ ೨೮ × ೦.೫, ಅಂದರೆ ೧೪ ಸೆಂಟಿಮೀಟರ್ ಸರಿಯುತ್ತದೆ. ಹಿಂಭಾಗದ ಅಂಚು ಅಷ್ಟೇ ದೂರ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಟೈರಿನ ಅಗಲವನ್ನೂ ಗಣಿಸಿದರೆ ಇನ್ನೂ ಹೆಚ್ಚು ಜಾಗ ಬೇಕು. ಸೆವೆನ್ನಿನ ಸೈಕಲ್ ಮಡ್‌ಗಾರ್ಡು ಗಾಲಿಯ ಆಸರೆಗೇ ಕಟ್ಟಿದ್ದು; ಗಾಲಿ ಹೊರಳಿದರೆ ಅದೂ ಹೊರಳುತ್ತದೆ, ಗಾಲಿ ಎದ್ದರೆ ಅದೂ ಏಳುತ್ತದೆ. ಆದುದರಿಂದ ಅಲ್ಲಿ ಈ ತೊಡಕೇ ಇರಲಿಲ್ಲ. ಗಾಲಿಯನ್ನು ಮುಚ್ಚುವ ಸ್ಥಿರವಾದ ಮೈಯನ್ನು ತಂದೊಡನೆ ತೊಡಕು ಹುಟ್ಟುತ್ತದೆ.

ಅನುಭವಿಗಳು ಇದಕ್ಕೆ ಒಂದು ಸರಳ ಪರೀಕ್ಷೆಯನ್ನು ಮಾಡುತ್ತಾರೆ. ಸ್ಪ್ರಿಂಗನ್ನು ಬಿಚ್ಚಿ ತೆಗೆದು, ಜಾಕಿನಿಂದ ಗಾಲಿಯನ್ನು ಅದು ಏರಬಲ್ಲ ಕೊನೆಯ ಮಟ್ಟಕ್ಕೆ ಏರಿಸಿ, ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಪೂರ್ತಿಯಾಗಿ ತಿರುಗಿಸಿ ನೋಡುತ್ತಾರೆ. ಟೈರು ಮೈಯನ್ನಾಗಲಿ, ಬ್ರೇಕಿನ ಕೊಳವೆಯನ್ನಾಗಲಿ, ದೀಪದ ತಂತಿಯನ್ನಾಗಲಿ ಎಲ್ಲಿಯೂ ಮುಟ್ಟಬಾರದು. ಷೆಡ್ಡಿನಲ್ಲಿ ನಿಂತ ಕಾರಿನಲ್ಲಿ ಎರಡು ಬೆರಳಿನ ಸಂದು ಇದ್ದುದು, ರಸ್ತೆಯ ಗುಂಡಿಯೊಂದರಲ್ಲಿ ಇಲ್ಲವಾಗಬಹುದು. ಆಗ ಟೈರು ಹರಿಯುತ್ತದೆ, ಅಥವಾ ತಿರುವಿನ ನಡುವೆ ಚುಕ್ಕಾಣಿ ಸಿಕ್ಕಿಕೊಳ್ಳುತ್ತದೆ.

ಕೂರಿಸುವ ಕ್ರಮ

ಕಟ್ಟಡಕ್ಕೆ ತಳಪಾಯವಿದ್ದಂತೆ ಈ ಕೆಲಸಕ್ಕೆ ಸಮತಲ. ಕಾರನ್ನು ನಾಲ್ಕು ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಿ, ರಸಮಟ್ಟವಿಟ್ಟು ಚೌಕಟ್ಟನ್ನು ಸಮಗೊಳಿಸಬೇಕು. ಮುಂದಿನಿಂದ ಹಿಂದಕ್ಕೆ ನಡುವೆ ಒಂದು ದಾರ ಕಟ್ಟಿ, ತೂಗುಗುಂಡಿನಿಂದ ಆ ಗೆರೆಯನ್ನು ನೆಲಕ್ಕೆ ಇಳಿಸಿ ಗುರುತಿಸಬೇಕು. ಮುಂದಿನ ಎಲ್ಲ ಅಳತೆಗಳೂ ಈ ಗೆರೆಯಿಂದಲೇ.

ಮೈಯನ್ನು ಮೊದಲು ಮರದ ತುಂಡುಗಳ ಮೇಲೆ ಸಡಿಲವಾಗಿ ಇರಿಸುತ್ತಾರೆ. ಫೈಬರ್ ಗ್ಲಾಸಿನ ಮೈ ಬಳುಕುತ್ತದೆ. ಒಂದು ಮೂಲೆ ಎರಡು ಸೆಂಟಿಮೀಟರ್ ತಗ್ಗಿದ್ದರೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದಕಾರಣ ಎಡ ಬಲ ಪಕ್ಕಗಳ ಎತ್ತರವನ್ನೂ, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆದು ನೋಡಬೇಕು. ಮೂತಿಯಿಂದ ಆರಂಭಿಸುವುದು ಹೊಸಬರ ಸಾಮಾನ್ಯ ತಪ್ಪು. ಗಾಲಿಗಳ ಜಾಗವನ್ನು ಬದಲಾಯಿಸುವಂತಿಲ್ಲ. ಆದುದರಿಂದ ಗಾಲಿಯ ಕಮಾನುಗಳನ್ನು ಮೊದಲು ಹೊಂದಿಸಿ, ಬಳಿಕ ಚಾಲಕನ ಪೀಠ, ಪೆಡಲು, ಚುಕ್ಕಾಣಿಗಳನ್ನು ನೋಡಿ, ಬಾನೆಟ್ಟು ಬಾಗಿಲುಗಳನ್ನು ಕೊನೆಗೆ ಹಿಡಿಯಬೇಕು.

ಮುಂದಿನದು ಆಸರೆಗಳು. ಚೌಕಟ್ಟಿನಿಂದ ಮೈಗೆ ಚಾಚುವ ಉಕ್ಕಿನ ಆಸರೆ ಮೈಯನ್ನು ಹಗುರವಾಗಿ ಮುಟ್ಟುವವರೆಗೂ ಅದನ್ನು ತಿದ್ದಬೇಕು. ಅರ್ಧ ಸೆಂಟಿಮೀಟರ್ ಸಂದು ಉಳಿದಿದೆಯೆಂದು ಬೋಲ್ಟು ಬಿಗಿದು ಮೈಯನ್ನು ಎಳೆದುಕೊಂಡರೆ, ಆ ಎಳೆತ ಅಲ್ಲಿಯೇ ಸೆರೆಯಾಗಿ ಉಳಿಯುತ್ತದೆ. ಕೆಲವು ತಿಂಗಳುಗಳಲ್ಲಿ ಬೋಲ್ಟಿನ ಸುತ್ತ ನಕ್ಷತ್ರಾಕಾರದ ಬಿರುಕುಗಳು ಮೂಡುತ್ತವೆ. ಬೋಲ್ಟಿನ ಕೆಳಗೆ ಅಗಲವಾದ ವಾಷರನ್ನೂ, ನಡುವೆ ರಬ್ಬರನ್ನೂ ಇಟ್ಟು ಒತ್ತಡವನ್ನು ಹರಡಬೇಕು.

ರಂಧ್ರವನ್ನು ಬೋಲ್ಟಿಗಿಂತ ತುಸು ದೊಡ್ಡದಾಗಿ ಕೊರೆಯಬೇಕೆಂಬ ನಿಯಮಕ್ಕೂ ಕಾರಣವಿದೆ. ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದಾಗ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ೧೨ ಪಾಲು ಹಿಗ್ಗುತ್ತದೆ. ಇಂಥ ಫೈಬರ್ ಗ್ಲಾಸ್ ಸುಮಾರು ೩೦ ಪಾಲು ಹಿಗ್ಗುತ್ತದೆ. ೨ ಮೀಟರ್ ಉದ್ದದ ಮೈ ಬಿಸಿಲಿನಲ್ಲಿ ೩೦ ಡಿಗ್ರಿ ಕಾದರೆ, ಚೌಕಟ್ಟಿಗಿಂತ ಅದು ಒಂದು ಮಿಲಿಮೀಟರಿಗೂ ತುಸು ಹೆಚ್ಚಾಗಿ ಬೆಳೆಯುತ್ತದೆ. ರೈಲುಹಳಿಗಳ ನಡುವೆ ಸಂದು ಬಿಡುವಂತೆ ಇಲ್ಲಿಯೂ ಆ ಒಂದು ಮಿಲಿಮೀಟರಿಗೆ ಎಡೆಗೊಡಬೇಕು.

ವಿದ್ಯುತ್ತಿನ ವಿಷಯದಲ್ಲಿಯೂ ಒಂದು ಸ್ವಾರಸ್ಯವಿದೆ. ಉಕ್ಕಿನ ಕಾರಿನಲ್ಲಿ ದೀಪಕ್ಕೆ ಒಂದೇ ತಂತಿ ಸಾಕು. ಬ್ಯಾಟರಿಗೆ ಹಿಂದಿರುಗುವ ದಾರಿ ಕಾರಿನ ಮೈಯೇ ಆಗಿರುತ್ತದೆ. ಫೈಬರ್ ಗ್ಲಾಸ್ ವಿದ್ಯುದ್ವಾಹಕವಲ್ಲ. ಆದುದರಿಂದ ಪ್ರತಿಯೊಂದು ದೀಪದಿಂದಲೂ ಚೌಕಟ್ಟಿಗೆ ಎರಡನೆಯ ತಂತಿಯನ್ನು ಎಳೆಯಬೇಕು. ಎಲ್ಲವನ್ನೂ ಸರಿಯಾಗಿ ಜೋಡಿಸಿಯೂ ಒಂದು ದೀಪವೂ ಹತ್ತದೆ ಪೇಚಾಡಿದವರು ಅನೇಕರು.

ಗಾಳಿಯ ಲೆಕ್ಕ

ಇಷ್ಟು ಶ್ರಮದಿಂದ ಲಾಭವೇನು? ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅದನ್ನು ಎದುರಿಸಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆಕಾರದ ಒಳ್ಳೆಯತನವನ್ನು ‘ತಡೆಯ ಗುಣಾಂಕ’ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಗಾಲಿಗಳು ಹೊರಗಿರುವ ಸೆವೆನ್ನಿನಂಥ ಕಾರಿಗೆ ಅದು ೦.೬೫ ಎಂದೂ, ನುಣುಪಾದ ಮೈಗೆ ೦.೩೫ ಎಂದೂ, ಇಬ್ಬರಿಗೂ ಎದುರುಮೈಯ ವಿಸ್ತೀರ್ಣ ೧.೪ ಚದರ ಮೀಟರ್ ಎಂದೂ ಇಟ್ಟುಕೊಳ್ಳೋಣ. ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳಲು ಮೊದಲನೆಯದಕ್ಕೆ ಸುಮಾರು ೧೨ ಕಿಲೋವ್ಯಾಟ್, ಎರಡನೆಯದಕ್ಕೆ ಸುಮಾರು ೬ ಕಿಲೋವ್ಯಾಟ್ ಸಾಕು. ೧೬೦ ಕಿಲೋಮೀಟರ್ ವೇಗದಲ್ಲಿ ಇವು ಸುಮಾರು ೪೮ ಮತ್ತು ೨೬ ಕಿಲೋವ್ಯಾಟ್ ಆಗುತ್ತವೆ. ಎಂಜಿನ್ನನ್ನು ಮುಟ್ಟದೆಯೇ ೨೨ ಕಿಲೋವ್ಯಾಟ್ ಉಳಿಸಿದಂತಾಯಿತು. ಚಾಪ್ಮನ್ನನೇ ೧೯೫೬ರಲ್ಲಿ ತನ್ನ ‘ಲೋಟಸ್ ಇಲೆವೆನ್’ ಪಂದ್ಯದ ಕಾರಿನ ಮೈಯನ್ನು ವಿಮಾನಶಾಸ್ತ್ರಜ್ಞನಾದ ಫ್ರಾಂಕ್ ಕಾಸ್ಟಿನ್ ಎಂಬಾತನಿಂದ ರೂಪಿಸಿದ್ದ. ೧೯೮೨ರಲ್ಲಿ ಆರಂಭವಾದ ವೆಸ್ಟ್‌ಫೀಲ್ಡ್ ಸಂಸ್ಥೆಯ ಮೊದಲ ಗಾಡಿ ಆ ಇಲೆವೆನ್ನಿನ ಪ್ರತಿರೂಪವೇ.

ಆದರೆ ಗಾಳಿ ಒಂದು ಕೈಯಲ್ಲಿ ಕೊಟ್ಟುದನ್ನು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವುದುಂಟು. ಮೇಲೆ ಉಬ್ಬಿ ಕೆಳಗೆ ಚಪ್ಪಟೆಯಾದ ಮೈಯ ಮೇಲೆ ಹರಿಯುವ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ. ವಿಮಾನದ ರೆಕ್ಕೆಯಂತೆ ಕಾರನ್ನು ಮೇಲಕ್ಕೆತ್ತುವ ಬಲ ಹುಟ್ಟುತ್ತದೆ. ಹಗುರವಾದ ಕಾರಿನಲ್ಲಿ ಇದರಿಂದ ಟೈರುಗಳ ಹಿಡಿತ ಸಡಿಲುತ್ತದೆ. ೧೯೯೮ರಲ್ಲಿ ಜರ್ಮನಿಯಲ್ಲಿ ಹೊರಬಂದ ಆಡಿ ಟಿಟಿ ಎಂಬ ನುಣುಪಾದ ಕಾರು ಅತಿವೇಗದಲ್ಲಿ ಹಿಡಿತ ತಪ್ಪಿ ಅಪಘಾತಗಳಾದ ಮೇಲೆ, ಅದರ ಹಿಂಭಾಗಕ್ಕೆ ಗಾಳಿತಡೆಯ ಪಟ್ಟಿಯನ್ನು ಸೇರಿಸಬೇಕಾಯಿತು. ದೊಡ್ಡ ಕಾರ್ಖಾನೆಗೇ ಇಂಥ ಅನುಭವವಾದರೆ ಷೆಡ್ಡಿನಲ್ಲಿ ಕಟ್ಟುವವನು ಎಷ್ಟು ಜಾಗರೂಕನಾಗಿರಬೇಡ! ಹೊಸ ಮೈಯ ಮೇಲೆ ಉಣ್ಣೆಯ ಎಳೆಗಳನ್ನು ಸಾಲಾಗಿ ಅಂಟಿಸಿ, ಕಾರು ಓಡುವಾಗ ಪಕ್ಕದ ವಾಹನದಿಂದ ನೋಡಿದರೆ ಗಾಳಿ ಎಲ್ಲಿ ಮೈಗೆ ಅಂಟಿ ಹರಿಯುತ್ತದೆ, ಎಲ್ಲಿ ಸುಳಿಯಾಗಿ ಒಡೆಯುತ್ತದೆ ಎಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಎಂಜಿನ್ನಿನ ತಂಪಿನ ಪ್ರಶ್ನೆಯೂ ಇದೆ. ಮೂತಿಯಲ್ಲಿ ರಂಧ್ರವಿಟ್ಟ ಮಾತ್ರಕ್ಕೆ ಗಾಳಿ ರೇಡಿಯೇಟರಿನ ಮೂಲಕ ಹಾದುಹೋಗುವುದಿಲ್ಲ. ಅದು ಸುಲಭದ ದಾರಿಯನ್ನು ಹುಡುಕಿ ಪಕ್ಕದಿಂದ ನುಸುಳುತ್ತದೆ. ರಂಧ್ರದಿಂದ ರೇಡಿಯೇಟರಿನವರೆಗೆ ತಗಡಿನ ದೋಣಿ ಕಟ್ಟಬೇಕು. ಬಿಸಿಗಾಳಿ ಹೊರಬೀಳಲು ಇನ್ನೊಂದು ದಾರಿ ಬಿಡಬೇಕು.

ಪ್ರಾಣದ ಪ್ರಶ್ನೆ

ಈವರೆಗೆ ಹೇಳಿದ ತಪ್ಪುಗಳನ್ನು ತಿದ್ದಿಕೊಳ್ಳಬಹುದು. ತಿದ್ದಲಾಗದ ತಪ್ಪೊಂದಿದೆ: ಪೀಠದ ಪಟ್ಟಿಯನ್ನು ಫೈಬರ್ ಗ್ಲಾಸಿಗೆ ಬಿಗಿಯುವುದು. ೭೦ ಕಿಲೋಗ್ರಾಂ ತೂಕದ ಮನುಷ್ಯನಿರುವ ಕಾರು ಯಾವುದಕ್ಕಾದರೂ ಡಿಕ್ಕಿ ಹೊಡೆದು, ಗುರುತ್ವದ ಇಪ್ಪತ್ತರಷ್ಟು ವೇಗಕುಂಠನಕ್ಕೆ ಒಳಗಾಯಿತೆನ್ನೋಣ. ಆ ಕ್ಷಣದಲ್ಲಿ ಪಟ್ಟಿಯ ಮೇಲೆ ಬೀಳುವ ಎಳೆತ ೭೦ × ೨೦, ಅಂದರೆ ೧,೪೦೦ ಕಿಲೋಗ್ರಾಂ ತೂಕಕ್ಕೆ ಸಮ. ಮೂರು ಮಿಲಿಮೀಟರಿನ ಗಾಜು–ರಾಳದ ಹಾಳೆ ಇದನ್ನು ತಡೆಯಲಾರದು. ವಾಷರಿನೊಡನೆ ಬೋಲ್ಟು ಕಿತ್ತುಬರುತ್ತದೆ. ಪೀಠ, ಪಟ್ಟಿ, ಚುಕ್ಕಾಣಿ, ಪೆಡಲುಗಳು — ಮನುಷ್ಯನ ಪ್ರಾಣ ಅವಲಂಬಿಸಿರುವ ಪ್ರತಿಯೊಂದೂ ಉಕ್ಕಿನ ಚೌಕಟ್ಟಿಗೇ ಸೇರಿರಬೇಕು. ಮೈ ಮಳೆಯನ್ನು ತಡೆಯಲಿ. ಮನುಷ್ಯನನ್ನು ತಡೆಯುವ ಭಾರವನ್ನು ಅದಕ್ಕೆ ವಹಿಸಬಾರದು.

ತಯಾರಿಕೆಯಲ್ಲಿಯೂ ಅಪಾಯಗಳ ಅರಿವು ಇರಬೇಕು. ಸ್ಟೈರೀನ್ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಉಸಿರಿಗೂ ಕೆಟ್ಟದ್ದು. ಪೆರಾಕ್ಸೈಡಿನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ರಾಳವನ್ನು ಬೇಗ ಗಟ್ಟಿಮಾಡಲು ಬಳಸುವ ಕೋಬಾಲ್ಟ್ ಲವಣವನ್ನು ಪೆರಾಕ್ಸೈಡಿನೊಡನೆ ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಒಂದನ್ನು ರಾಳದಲ್ಲಿ ಪೂರ್ತಿ ಕಲಸಿದ ಬಳಿಕವೇ ಇನ್ನೊಂದನ್ನು ಹಾಕಬೇಕು. ಗಟ್ಟಿಯಾದ ಮೇಲೆ ಉಪ್ಪುಕಾಗದದಿಂದ ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮವನ್ನೂ ಶ್ವಾಸಕೋಶವನ್ನೂ ಕೆರಳಿಸುತ್ತದೆ.

ಇಂಥ ಗಾಡಿಯನ್ನು ಬ್ರಿಟನ್ನಿನಲ್ಲಿ ರಸ್ತೆಗೆ ತರುವ ಮುನ್ನ ಸರಕಾರದ ಪರೀಕ್ಷೆಗೆ ಒಪ್ಪಿಸಬೇಕು. ೧೯೯೮ರಲ್ಲಿ ಆರಂಭವಾದ ಈ ಒಂಟಿ ವಾಹನದ ಪರೀಕ್ಷೆ ೨೦೦೯ರಿಂದ ಹೊಸ ರೂಪದಲ್ಲಿ ನಡೆಯುತ್ತಿದೆ. ಮೈಯ ಹೊರಗಿನ ಉಬ್ಬುಗಳ ಅಂಚು ೨.೫ ಮಿಲಿಮೀಟರಿಗಿಂತ ಕಡಮೆ ತ್ರಿಜ್ಯದಷ್ಟು ಚೂಪಾಗಿರಬಾರದೆಂಬ ನಿಯಮವೂ ಅದರಲ್ಲಿದೆ. ದಾರಿಹೋಕನಿಗೆ ತಗುಲಿದರೆ ಕೊಯ್ಯಬಾರದೆಂಬುದು ಉದ್ದೇಶ. ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿ, ತಯಾರಕರು ನಿರ್ದಿಷ್ಟಪಡಿಸಿದ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ; ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ಉತ್ಸಾಹಿ ವಿದ್ಯಾರ್ಥಿಗಳು ಮನೆಯ ಕಾರಿಗೆ ಗರಗಸ ಹಾಕುವ ಮುನ್ನ ಈ ಮಾತನ್ನು ನೆನೆಯುವುದು ಒಳ್ಳೆಯದು!

ಕೊನೆಯ ಮಾತು

ಹೊಸ ಮೈ ಯಾವಾಗಲೂ ಮೆಚ್ಚುಗೆ ಗಳಿಸುತ್ತದೆಂದಲ್ಲ. ಲೋಟಸ್ ಸಂಸ್ಥೆಯೇ ೧೯೭೦ರಲ್ಲಿ ಸೆವೆನ್ನಿಗೆ ಪೂರ್ತಿಯಾಗಿ ಫೈಬರ್ ಗ್ಲಾಸಿನ ಹೊಸ ಮೈಯನ್ನು ತೊಡಿಸಿತು. ಅದರಲ್ಲಿ ಅನುಕೂಲಗಳು ಹೆಚ್ಚಾಗಿದ್ದರೂ ಅಭಿಮಾನಿಗಳು ಒಪ್ಪಲಿಲ್ಲ. ಹಕ್ಕನ್ನು ಪಡೆದ ಕೇಟರ್‌ಹ್ಯಾಮ್ ಸಂಸ್ಥೆ ಸ್ವಲ್ಪ ಕಾಲದಲ್ಲಿಯೇ ಹಳೆಯ ರೂಪಕ್ಕೆ ಮರಳಿತು. ಇಂದಿಗೂ ಸೆವೆನ್ನಿನ ರೂಪ ಅದೇ.

ಆದರೂ ಚೌಕಟ್ಟನ್ನೂ ಹೊದಿಕೆಯನ್ನೂ ಬೇರ್ಪಡಿಸುವ ಆಲೋಚನೆ ಹವ್ಯಾಸಿಗಳ ಷೆಡ್ಡಿನಲ್ಲಿಯೇ ಉಳಿಯಲಿಲ್ಲ. ೨೦೦೧ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ರೇವಾ ವಿದ್ಯುತ್ ಕಾರು ಉಕ್ಕಿನ ಕೊಳವೆಗಳ ಹಂದರದ ಮೇಲೆ ಪ್ಲಾಸ್ಟಿಕ್ಕಿನ ಹಾಳೆಗಳನ್ನು ಹೊದ್ದಿತ್ತು. ಗಾಜಿನ ಎಳೆ ಮತ್ತು ರಾಳಗಳ ವಿದ್ಯೆ ಅದೇ ನಗರದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ‘ಹಂಸ’ ಎಂಬ ತರಬೇತಿ ವಿಮಾನವಾಗಿ ರೂಪುಗೊಂಡು ೧೯೯೩ರಲ್ಲಿ ಆಕಾಶಕ್ಕೇರಿತು.

ಸವಾರಿ ಗಾಡಿಯ ಕಮಾನನ್ನು ಕಟ್ಟುತ್ತಿದ್ದ ರೈತನಿಗೆ ಬಲವಿಜ್ಞಾನದ ಸೂತ್ರಗಳು ತಿಳಿದಿರಲಿಲ್ಲ. ಆದರೆ ಗಾಡಿಯ ಭಾರ ಅಚ್ಚುಮರದ ಮೇಲೆ ನಿಲ್ಲಬೇಕು, ಕಮಾನಿನ ಮೇಲಲ್ಲ ಎಂಬುದನ್ನು ಆತ ಎಂದೂ ಮರೆಯುತ್ತಿರಲಿಲ್ಲ. ಕಾರಿಗೆ ಹೊಸ ಮೈಯನ್ನು ತೊಡಿಸುವವನು ಮೊದಲು ಕಲಿಯಬೇಕಾದುದೂ, ಕೊನೆಯವರೆಗೆ ನೆನಪಿಡಬೇಕಾದುದೂ ಅದನ್ನೇ.